ಮೂರನೇ ಪಟ್ಟಿಯ ಬೂದಿ

"ಇದು ಸತ್ತೈತ್ರಿ ಸಾಹೇಬ್ರ," ಎಂದು ದ್ರೌಪದಕ್ಕ ಕಿತ್ತ ಹುಲ್ಲಿನ ಬುಡವನ್ನು ನನ್ನ ಬೂಟಿನ ಮುಂದೆ ಇಟ್ಟಳು. "ತಡೀರಿ, ಇನ್ನೊಂದು ಕೀಳತೇನಿ."

ಹತ್ತು ಹೆಜ್ಜೆ ಆಚೆ ಹೋಗಿ ಎರಡೂ ಕೈ ಹಾಕಿ ಇನ್ನೊಂದು ಬುಡ ಕಿತ್ತು ತಂದಳು. ಮೇಲೆ ಅದೂ ಕರಿ. ಉಗುರಿನಿಂದ ಸೀಳಿದರೆ ಒಳಗೆ ಬೆಳ್ಳಗೆ ಹಸಿ ಇತ್ತು, ತುದಿಯಲ್ಲಿ ಸಾಸಿವೆ ಕಾಳಿನಷ್ಟು ಹಸಿರು.

"ಇದು ಬದುಕೈತಿ. ಹತ್ತು ಹೆಜ್ಜಿ ಅಂತರದಾಗ ಒಂದು ಸತ್ತೈತಿ, ಒಂದು ಬದುಕೈತಿ. ಒಂದ ಬೆಂಕಿ ಹಿಂಗ ಎರಡು ನಮೂನಿ ಸುಡಂಗಿಲ್ರಿ."

ಹಿಂದಿನ ದಿನ ಬೆಳಿಗ್ಗೆ ಬೀರಪ್ಪನ ಮಡ್ಡಿಯಲ್ಲಿ ಅರಣ್ಯದವರು ಪ್ರತಿ ವರ್ಷದಂತೆ ದಿನ ಗೊತ್ತು ಮಾಡಿ ಹುಲ್ಲು ಸುಡಿಸಿದಾಗ ಬೆಂಕಿ ಕಾವಲಿನ ತವನಪ್ಪ ಸುಟ್ಟು ಸತ್ತಿದ್ದ. ಸಂಜೆ ಐದೂವರೆಗೆ ಕುರಿಗಾರ ಕಾಡಸಿದ್ದ ತಾನೇ ಠಾಣೆಗೆ ನಡೆದು ಬಂದು "ನಾನ ಕೊಂದೇನ್ರಿ" ಎಂದು ನೆಲದ ಮೇಲೆ ಕೂತಿದ್ದ.

ತಾನಾಗಿ ನಡೆದು ಬರುವ ಕೇಸುಗಳ ಮೇಲೆ ನನಗೆ ನಂಬಿಕೆಯಿಲ್ಲ. ಹದಿನಾಲ್ಕು ವರ್ಷದ ಸರ್ವಿಸಿನಲ್ಲಿ ಅಂಥವು ಎರಡು ಬಂದಿದ್ದವು, ಎರಡರಲ್ಲೂ ನಾನು ತಪ್ಪು ಮನುಷ್ಯನನ್ನು ಒಳಗೆ ಹಾಕಿ ಶಹಬ್ಬಾಸ್ ಅನಿಸಿಕೊಂಡಿದ್ದೆ. ನಮ್ಮ ಮೇಲಿನ ಸಾಹೇಬರು ಮಾತ್ರ ಬೆಳಿಗ್ಗೆಯಿಂದ ಖುಷಿಯಲ್ಲಿದ್ದರು. "ಗಾಳಿ ಬಂದಾಗ ತೂರಿಕೋಬೇಕು ಭರತ. ಐದು ಗಂಟೆಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಕೈ ತೊಳ್ಕೋ," ಎಂದಿದ್ದರು.

ಗಾಳಿ ಯಾವ ಕಡೆಯಿಂದ ಬಂತು ಎನ್ನುವುದೇ ನನ್ನ ತಕರಾರಾಗಿತ್ತು.

ಪೊಲೀಸರ ಮುಂದೆ ಆಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆದರೆ ಕಾಡಸಿದ್ದ ಅದನ್ನೇ ಮ್ಯಾಜಿಸ್ಟ್ರೇಟರ ಮುಂದೆಯೂ ಹೇಳುತ್ತೇನೆ ಎಂದು ಹಟ ಹಿಡಿದಿದ್ದ. ಅಲ್ಲಿ ಒಮ್ಮೆ ಬರೆದುಕೊಂಡರೆ ಮುಗಿಯಿತು, ಕೊಲೆಗಾರನಾಗಿಯೇ ಆ ಮುದುಕ ಸಾಯುತ್ತಾನೆ. ಆಗ ಬೆಳಗಿನ ಹನ್ನೊಂದು. ನನ್ನ ಕೈಯಲ್ಲಿದ್ದದ್ದು ಆರು ತಾಸು.

ತೆಲಸಂಗ ದಾಟಿ ಜೀಪಿನ ದಾರಿಯಲ್ಲಿ ಮೇಲೆ ಬಂದರೆ ಸಿಗುವ ಈ ಕಲ್ಲುನೆಲದ ಹುಲ್ಲುಗಾವಲನ್ನು ಮೂರು ಪಟ್ಟಿ ಮಾಡಿದ್ದರು. ಪಡುವಣಕ್ಕೆ ಒಂದನೆಯದು, ನಡುವೆ ಎರಡನೆಯದು, ಮೂಡಣಕ್ಕೆ ಮೂರನೆಯದು. ಪಟ್ಟಿ ಪಟ್ಟಿಯ ನಡುವೆ ಎರಡು ಎತ್ತಿನಗಾಡಿ ಒಟ್ಟಿಗೆ ಹಾಯುವಷ್ಟು ಅಗಲಕ್ಕೆ ಹುಲ್ಲು ಕೆತ್ತಿ ಬೋಳು ಮಾಡಿದ ದಾರಿ. ಬೆಂಕಿ ಅದನ್ನು ದಾಟಬಾರದು ಎಂದು.

ಈ ವರ್ಷದ ಪಾಳಿ ಒಂದನೇ ಪಟ್ಟಿಯದು. ತವನಪ್ಪನ ಹೆಣ ಸಿಕ್ಕಿದ್ದು ಮೂರನೆಯದರಲ್ಲಿ. "ಕಿಡಿ ಹಾರಿರಬೇಕು" ಎಂದು ಅರಣ್ಯದವರೂ ಬರೆದುಕೊಟ್ಟಿದ್ದರು, ನಮ್ಮವರೂ ಬರೆದುಕೊಂಡಿದ್ದರು.

ನಡುವಿನ ಎರಡನೇ ಪಟ್ಟಿಯಲ್ಲಿ ಸೊಂಟದೆತ್ತರದ ಕರಡ ಹುಲ್ಲು ಒಂದು ಎಳೆಯೂ ಕಮರದೆ ನಿಂತಿತ್ತು. ಗಾಳಿ ನಮ್ಮ ಬೆನ್ನಿಗೆ, ಮೂಡಣದಿಂದ ಬೀಸುತ್ತಿತ್ತು.

"ಈ ದಿನದಾಗ ಮುಂಜಾನೆ ಮೂಡಗಾಳಿನ ಇರತೈತಿ," ಎಂದಳು ದ್ರೌಪದಕ್ಕ. "ಕಿಡಿ ಹಾರಿದ್ರ ಅತ್ತಾಗ ಹಾರಬೇಕು, ತೆಲಸಂಗದ ಕಡೆ. ಗಾಳಿ ಎದುರಿಗಿ, ನಡುವಿನ ಹುಲ್ಲ ದಾಟಿ ಇಲ್ಲಿ ತನಕ ಬಂತಂದ್ರ ಅದು ಕಿಡಿ ಅಲ್ರಿ, ಕುದರಿ."

ದ್ರೌಪದಕ್ಕ ನಮ್ಮ ಠಾಣೆಯ ಹೆಡ್ ಕಾನ್‌ಸ್ಟೆಬಲ್. ಕುರಿಗಾರರ ಮಗಳು, ಖಾಕಿ ಹಾಕುವ ಮೊದಲು ಹತ್ತು ವರ್ಷ ಕುರಿಯ ಹಿಂದೆ ತಿರುಗಿದವಳು. ಹುಲ್ಲಿನ ವಿಷಯದಲ್ಲಿ ಅವಳ ಮಾತಿಗೆ ನಾನು ಎದುರಾಡುವುದಿಲ್ಲ. ಉಳಿದದ್ದರಲ್ಲಿ ಆಡಿ ಬೈಸಿಕೊಳ್ಳುತ್ತೇನೆ.

"ಈ ಸುಡೂದು ಬೇಕಾದ್ರೂ ಯಾಕ ಅಕ್ಕಾ?" ಎಂದು ಕೇಳಿದೆ. ನಿಜವಾಗಿಯೂ ನನಗೆ ಗೊತ್ತಿರಲಿಲ್ಲ.

"ಮೂರು ವರ್ಷಕ್ಕೊಮ್ಮಿ ಬೇಕ್ರಿ. ಸುಡದ ಬಿಟ್ರ ಹಳೀ ಕರಡ ಅಡ್ಡ ಬಿದ್ದು ಹೊಸದು ಏಳಂಗಿಲ್ಲ. ಜಾಲಿ ಕಂಟಿ ಹಬ್ಬತಾವು. ಆಮ್ಯಾಲ ಬ್ಯಾಸಗ್ಯಾಗ ಯಾವನರ ಬೀಡಿ ಒಗದ್ರ ಗಿಡದ ತುದಿ ತನಕ ಹೊತ್ತತೈತಿ. ಅದಕ್ಕ ಚಳಿಗಾಲದಾಗ, ನೆಲದಾಗ ಇಬ್ಬನಿ ಇರೂಮುಂದ, ಗಾಳಿಗಿ ಎದುರ ಹಚ್ಚಬೇಕು. ಆಗ ಬೆಂಕಿ ಕುರಿ ಮೇದಂಗ ಸಾವಕಾಶ ಮೇಯತೈತಿ. ಒಣಾ ಕಡ್ಡಿ ತಿಂದು ಬುಡ ಬಿಡತೈತಿ."

"ವರ್ಷಾ ಸುಟ್ರ?"

"ಬುಡ ಸೊರಗಿ ಹೋಗತಾವು. ನೆಲ ಬತ್ತಲಿ ಆಕ್ಕೈತಿ, ಮೊದಲನೇ ಅಡ್ಡಮಳಿಗೇ ಮಣ್ಣು ಹಳ್ಳ ಸೇರತೈತಿ. ಬೆಂಕಿ ಅಂದ್ರ ಉಪ್ಪಿದ್ದಂಗ್ರಿ. ಹಿಡಿ ಲೆಕ್ಕ ತಪ್ಪಬಾರದು."

ಮೂರನೇ ಪಟ್ಟಿ ಸುಟ್ಟು ಬರೀ ಒಂದು ವರ್ಷವಾಗಿತ್ತು. ಅಲ್ಲಿದ್ದದ್ದು ಗೇಣುದ್ದದ ತೆಳು ಹುಲ್ಲು. ಅದಕ್ಕೆ ಬೆಂಕಿ ಬಿದ್ದರೆ ಹತ್ತು ನಿಮಿಷದಲ್ಲಿ ಓಡಿ ಮುಗಿಯುತ್ತದೆ, ಚಪ್ಪಲಿ ಹಾಕಿಕೊಂಡು ದಾಟಬಹುದು. ಅಂಥ ಹುಲ್ಲಿನಲ್ಲಿ ಇಪ್ಪತ್ತು ವರ್ಷ ಬೆಂಕಿ ಕಾದ ಮನುಷ್ಯ ಗುರುತು ಸಿಗದಷ್ಟು ಸುಟ್ಟಿದ್ದ. ಬೆಳ್ಳಿಯ ಉಡಿದಾರ ನೋಡಿ ಹೆಂಡತಿ ಗುರುತು ಹಿಡಿದಿದ್ದಳು.

ಹೆಣ ಬಿದ್ದಿದ್ದ ಜಾಗದಲ್ಲಿ ಒಂದು ಕಣದಷ್ಟು ಅಗಲಕ್ಕೆ ಮಣ್ಣು ಬೇರೆ ಬಣ್ಣಕ್ಕೆ ತಿರುಗಿತ್ತು. ಕೀಲಿಕೈಯಿಂದ ಕೆದರಿದೆ. ಬೆರಳುದ್ದದ ಆಳಕ್ಕೆ ಇಟ್ಟಿಗೆಯಂತೆ ಕೆಂಪಗೆ ಬೆಂದಿತ್ತು. ಸತ್ತ ಬುಡಗಳೆಲ್ಲ ಆ ವರ್ತುಲದೊಳಗೇ ಇದ್ದವು. ಅದರಾಚೆ ಎಲ್ಲ ಬುಡವೂ ಬದುಕಿತ್ತು.

ಮಂಡಿಯೂರಿ ಬೂದಿಯನ್ನು ಅಂಗೈಗೆ ಹಾಕಿಕೊಂಡು ಊದಿದೆ. ಉಳಿದದ್ದು ಕಿರುಬೆರಳ ಗಾತ್ರದ ಕರಿ ತುಂಡುಗಳು, ನಡುವೆ ಉಂಗುರದಂತೆ ಉಬ್ಬು. ನಾನು ಏಕಸಂಬಿಯವನು. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಗರಿ, ತುದಿ ತುಂಡುಗಳ ರವದಿ ಸುಡುವ ಹೊಗೆಯಲ್ಲೇ ಬೆಳೆದವನು. ಆ ಉಂಗುರ ಕಬ್ಬಿನ ಗಣಿಕೆ, ಅಂದರೆ ಗೆಣ್ಣು ಎಂದು ಕಣ್ಣು ಕಟ್ಟಿದರೂ ಹೇಳುತ್ತೇನೆ.

"ಅಕ್ಕಾ, ಈ ಮಡ್ಡಿ ಸುತ್ತ ಕಬ್ಬು ಎಲ್ಲಿ ಐತಿ?"

"ಹುಚ್ಚೇನ್ರಿ ನಿಮಗ. ಇಲ್ಲಿ ಕುಡ್ಯಾಕ ನೀರಿಲ್ಲ."

ಅಷ್ಟರಲ್ಲಿ ಹೆಣ ಕೊಯ್ದ ಡಾಕ್ಟರ ಫೋನು ಬಂತು. ಎರಡೇ ಮಾತು. ತಲೆಯ ಹಿಂದೆ ಪೆಟ್ಟು ಬಿದ್ದು ಬುರುಡೆ ಸೀಳಿದೆ, ಅದು ಬೆಂಕಿಗೆ ಮೊದಲಿನದು. ಗಂಟಲಿನ ಕೊಳವೆಯೊಳಗೆ ಮಸಿ ಇದೆ.

"ಮಸಿ ಇದೆ ಅಂದರೆ?" ಎಂದೆ. ನನಗೆ ಅರ್ಥವಾಗಿತ್ತು. ಆದರೂ ಕೇಳಿದೆ.

"ಉಸಿರಾಡುತ್ತಿದ್ದ," ಎಂದರು ಡಾಕ್ಟರು.

ಫೋನಿಟ್ಟೆ. ತವನಪ್ಪ ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟದ ಜೈನ. ಇರುವೆ ಸಾಲು ಕಂಡರೆ ಬಳಸಿಕೊಂಡು ಹೋಗುವ ಮನುಷ್ಯನಿಗೆ ಬೆಂಕಿ ಕಾಯುವ ಕೆಲಸ ಸಿಕ್ಕಿತ್ತು. ಹಚ್ಚುವ ಮೊದಲು ಹುಲ್ಲಿನ ಸುತ್ತ ಮೂರು ಸುತ್ತು ಕೂಗುತ್ತಾ ತಿರುಗಿ, ಮೊಲ, ಪುರಲೆಹಕ್ಕಿ, ಹಾವು ಎಲ್ಲ ಎದ್ದು ಹೋಗುವ ತನಕ ಕಾಯಬೇಕು ಎನ್ನುವುದು ಕುರಿಗಾರರ ಹಳೆಯ ಕಟ್ಟಳೆ. ಅದನ್ನು ತವನಪ್ಪ ಅವರಿಗಿಂತ ಬಿಗಿಯಾಗಿ ಹಿಡಿದಿದ್ದ. ಕಾಡಸಿದ್ದನೂ ಅವನೂ ಸೇರಿ ಇಪ್ಪತ್ತು ವರ್ಷ ಈ ಮಡ್ಡಿಯನ್ನು ಪಾಳಿ ಪ್ರಕಾರ ಸುಟ್ಟಿದ್ದರು.

ಆ ಕಟ್ಟಳೆಗೆ ಇನ್ನೊಂದು ಅರ್ಧವಿತ್ತು. ಅದನ್ನು ಜೀಪಿನಲ್ಲಿ ಇಳಿಯುವಾಗ ದ್ರೌಪದಕ್ಕ ಹೇಳಿದಳು. ಯಾರ ಕೈಯಿಂದ ಮೊದಲ ಬೆಂಕಿ ಬಿತ್ತೋ ಅದರೊಳಗೆ ಸತ್ತ ಜೀವವೆಲ್ಲ ಅವರ ತಲೆಗೆ. ಒಂದು ಹಕ್ಕಿಮರಿ ಸುಟ್ಟರೂ ಬೀರಪ್ಪನ ಗುಡಿಯ ಮುಂದೆ ತಪ್ಪು ಒಪ್ಪಿಕೊಂಡು ಒಂದು ವರ್ಷ ಬೆಂಕಿ ಮುಟ್ಟುವಂತಿಲ್ಲ.

"ಅದಕ್ಕ ಒಪ್ಪಿಕೊಂಡಾನೇನು ಮುದುಕ?" ಎಂದೆ. "ನನ್ನ ಬೆಂಕಿ, ನನ್ನ ತಪ್ಪು ಅಂತ? ಕಾನೂನಿಗೆ ಅದು ತಿಳಿಯಂಗಿಲ್ಲ ಅಕ್ಕಾ. ಕಾನೂನು ಅದನ್ನ ಕೊಲಿ ಅಂತ ಬರಕೋತೈತಿ."

"ನನಗೂ ಹಂಗ ಅನಸ್ತಿತ್ರಿ," ಎಂದಳು. ಅನಸ್ತಿತ್ತು ಎಂದಳೇ ಹೊರತು ಅನಸ್ತೈತಿ ಎನ್ನಲಿಲ್ಲ. ಆಗ ನಾನು ಅದನ್ನು ಗಮನಿಸಲಿಲ್ಲ.

ಇಳಿಯುವ ದಾರಿಯುದ್ದಕ್ಕೂ ಜಾಲಿ ಮುಳ್ಳಿಗೆ ಒಣ ಕಬ್ಬಿನ ಗರಿ ಸಿಕ್ಕಿಕೊಂಡಿತ್ತು. ಟ್ರ್ಯಾಕ್ಟರ್ ಟ್ರಾಲಿ ತುಂಬಿ ಬಂದ ಗುರುತು. ತೆಲಸಂಗಕ್ಕೆ ಕಬ್ಬಿನ ಮೇವು ತರುವವನು ಒಬ್ಬನೇ, ದಿಗ್ಗೇವಾಡಿಯ ಕಾಕಾಸಾಹೇಬ. ಅವನು ಬಸ್‌ಸ್ಟ್ಯಾಂಡಿನ ಹಿಂದೆ ಹಸಿ ಸೋಗೆಯ ಸಿವುಡು ಇಳಿಸುತ್ತಾ ನಿಂತಿದ್ದ. ಖಾಕಿ ಕಂಡದ್ದೇ ಟೋಪಿ ತೆಗೆದ.

"ಬೀರಪ್ಪನ ಮಡ್ಡಿಗೆ ರವದಿ ಯಾವಾಗ ಒಯ್ದಿ?" ಎಂದು ನೇರವಾಗಿ ಕೇಳಿದೆ.

"ಮಂಗಳವಾರ ಒಯ್ದೇನ್ರಿ. ಒಂದ್ ಟ್ರಾಲಿ. ಬರಾಬರ ಮೂರನೇ ಪಟ್ಟ್ಯಾಗ ಬಣವಿ ಮಾಡಿ ಇಳಿಸೇನಿ," ಎಂದ. ಒಂದು ಚೂರೂ ಅಳುಕಿಲ್ಲ.

"ಯಾರ ಹೇಳಿದ್ರು?"

"ತವನಪ್ಪ ಅಣ್ಣಾ."

ನಾನೂ ದ್ರೌಪದಕ್ಕನೂ ಮುಖ ನೋಡಿಕೊಂಡೆವು. ಸತ್ತವನೇ ತನ್ನ ಚಿತೆಗೆ ಸೌದೆ ತರಿಸಿಕೊಂಡಂತಾಯಿತು.

"ಅಲ್ರಿ ಸಾಹೇಬ, ಅಂವ ಸುಡಾಕ ತರಿಸಿದ್ದಲ್ಲ," ಎಂದು ಕಾಕಾಸಾಹೇಬ ಗಾಬರಿಯಿಂದ ಮಾತು ಮುಂದುವರಿಸಿದ. "ಆ ಪಟ್ಟಿ ಹೋದ ವರ್ಷ ಮಾಘದಾಗ ಪಾಳಿ ಪ್ರಕಾರ ಸುಟ್ಟಿದ್ರು. ತಿರುಗಿ ಮೇ ತಿಂಗಳ ಸುಡುಬಿಸಲಾಗ ಯಾರೋ ಕಳ್ಳಬೆಂಕಿ ಹಚ್ಚ್ಯಾರ. ಬುಡ ಸೊರಗಿ, ಮಳಿಗಿ ಮಣ್ಣು ಕಿತ್ತು ಕೊರಕಲ ಬಿದ್ದಾವ. ಅದರ ಮ್ಯಾಲ ರವದಿ ಹರವಿದ್ರ ಮಣ್ಣು ನಿಲ್ಲತೈತಿ ಅಂದ. ಬೆಂಕಿ ದಿನ ಮುಗೀಲಿ, ಆಮ್ಯಾಲ ಹರವೂಣಂತ ಅಂದಿದ್ದ."

"ಕಳ್ಳಬೆಂಕಿ ಯಾರು ಹಚ್ಚಿದ್ದು?"

"ನಾನೂ ಕೇಳಿದೆ. 'ಗೊತ್ತಾಗೈತಿ ಕಾಕಾ, ಬೆಂಕಿ ದಿನಾನ ಎಲ್ಲಾರ ಮುಂದ ಹೇಳತೇನಿ' ಅಂದ. ಆ ಮಡ್ಡಿ ಸತ್ತೈತಿ ಅಂತ ಕಾಗದದಾಗ ಬರದ್ರ ಬೇಲಿ ಹಾಕಿ ಬ್ಯಾರೆ ಕೆಲಸಕ್ಕ ಕೊಡಬಹುದಂತ. ಅದಕ್ಕ ಯಾರೋ ಮುದ್ದಾಮ ಕೊಲ್ಲಾಕತ್ತಾರ ಅಂದ. ನೆಲಾನೂ ಕೊಲ್ಲತಾರೇನಪಾ ಅಂತ ನಾ ನಕ್ಕೆ." ಕಾಕಾಸಾಹೇಬ ಟೋಪಿಯಿಂದ ಕಣ್ಣು ಒರೆಸಿಕೊಂಡ.

ಅವನ ಮಾತು ನಿಜವೆನಿಸಿತು. ಸುಳ್ಳು ಹೇಳುವವನು ಇಷ್ಟು ಉದ್ದಕ್ಕೆ ಹೇಳುವುದಿಲ್ಲ.

ಈಗ ಚಿತ್ರ ನೆಟ್ಟಗಾಯಿತು. ಕಳ್ಳಬೆಂಕಿಯ ಮನುಷ್ಯ ತವನಪ್ಪನ ತಲೆಗೆ ಹೊಡೆದಿದ್ದಾನೆ. ಎಚ್ಚರ ತಪ್ಪಿದವನನ್ನು ರವದಿ ಬಣವಿಯೊಳಗೆ ತುರುಕಿ ಮುಚ್ಚಿದ್ದಾನೆ. ಒಂದನೇ ಪಟ್ಟಿಗೆ ಬೆಂಕಿ ಬಿದ್ದ ಹೊತ್ತಿಗೆ ಬಣವಿಗೂ ಬೆಂಕಿ ಬಿದ್ದಿದೆ. ಅದು ಕಾಡಸಿದ್ದನ ಬೆಂಕಿ ಅಲ್ಲವೇ ಅಲ್ಲ.

ಎರಡು ಹಾಳೆ ಬರೆದೆ. ಗಾಳಿ, ನಡುವಿನ ಪಟ್ಟಿ, ಬೆಂದ ಮಣ್ಣು, ಗಣಿಕೆ, ಡಾಕ್ಟರ ಮಾತು. ಇಷ್ಟು ಸಾಕು, ಮುದುಕನನ್ನು ಬಿಡಿಸಬಹುದು. ಬಹಳ ದಿನದ ಮೇಲೆ ನನ್ನ ನೌಕರಿಯ ಬಗ್ಗೆ ನನಗೆ ಸಣ್ಣ ಹೆಮ್ಮೆಯಾಯಿತು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಠಾಣೆ ಮುಟ್ಟಿದಾಗ ಮೂರೂವರೆ. ಕಾಡಸಿದ್ದ ಲಾಕಪ್ಪಿನ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಕಂಬಳಿ ಮಡಿಸಿ ಪಕ್ಕಕ್ಕಿಟ್ಟಿದ್ದ, ಯಾರದೋ ಮನೆಗೆ ಬಂದವನ ಹಾಗೆ. ಕೊಟ್ಟ ಅನ್ನ ಮುಟ್ಟಿರಲಿಲ್ಲ. ಬಾಗಿಲು ತೆಗೆಸಿ ನಾನೂ ನೆಲದ ಮೇಲೆ ಕೂತೆ.

"ಮಾಮಾ, ಮೂರನೇ ಪಟ್ಟಿಗಿ ಬೆಂಕಿ ಹೆಂಗ ಬಂತು?"

"ಕಿಡಿ ಹಾರ್ತು."

"ಗಾಳಿ ಮೂಡಲದ್ದು ಇತ್ತು."

ಇಪ್ಪತ್ತು ವರ್ಷ ಗಾಳಿ ನೋಡಿ ಬೆಂಕಿ ಇಟ್ಟವನಿಗೆ ಗಾಳಿಯ ಪಾಠ ಹೇಳಿಕೊಡುವುದು ನನಗೇ ಕಸಿವಿಸಿಯಾಯಿತು.

"ಕಿಡಿ ಅಲ್ಲ, ನಾನ ಹೋಗಿ ಹಚ್ಚೇನಿ," ಎಂದ. "ಅಂವಗೂ ನನಗೂ ಜಗಳಿತ್ತು. ಬರಕೋರಿ."

"ಏನ್ ಜಗಳ?"

"ಕುರೀದು."

"ಮೂರನೇ ಪಟ್ಟ್ಯಾಗ ಹೊಗಿ ಎದ್ದದ್ದು ಏಳೂವರಿಗೆ. ಆವಾಗ ನೀ ಒಂದನೇ ಪಟ್ಟಿ ಅಂಚಿನ್ಯಾಗ ಹಸೀ ಟೊಂಗಿ ಹಿಡಕೊಂಡು ನಿಂತಿದ್ದಿ. ಹನ್ನೆರಡು ಆಳು ನೋಡ್ಯಾರ. ಹೊಗಿ ಕಂಡ ಮ್ಯಾಲ ಮೊದಲ ಓಡಿದಾಂವ ನೀನ ಅಂತ ಹೇಳ್ಯಾರ. ಒಬ್ಬ ಮನಷಾ ಎರಡು ಕಡೆ ಹೆಂಗ ನಿಲ್ಲತಾನ ಮಾಮಾ?"

"ನಿಮಗ ಅದೆಲ್ಲಾ ಯಾಕ ಬೇಕ್ರಿ?" ಅವನ ದನಿ ಮೊದಲ ಸಲ ಏರಿತು. "ಕಳ್ಳ ಸಿಕ್ಕಾನ, ಒಯ್ರಿ. ನನ್ನ ಉಳಸ್ರಿ ಅಂತ ನಿಮಗ ಯಾರು ಕೇಳ್ಯಾರ?"

ನನಗೆ ಸಿಟ್ಟು ಬಂತು. ಬೆಳಿಗ್ಗೆಯಿಂದ ಬಿಸಿಲಲ್ಲಿ ಬೂದಿ ಕೆದರಿದ್ದು ಈ ಮಾತು ಕೇಳಲಿಕ್ಕೇ ಎನಿಸಿತು. ಹೇಳಬಾರದ ರೀತಿಯಲ್ಲಿ ಹೇಳಿಬಿಟ್ಟೆ.

"ಅಂವನ ತಲಿಗಿ ಹೊಡದಿದ್ರು. ಎಚ್ಚರಿಲ್ಲದಾಂವನ್ನ ರವದಿಯೊಳಗ ಹುಗದಿದ್ರು. ಬೆಂಕಿ ಹಚ್ಚೂಮುಂದ ಉಸಿರ ಇತ್ತು. ಡಾಕ್ಟರ ಹೇಳ್ಯಾರ."

ಕಾಡಸಿದ್ದ ನನ್ನನ್ನೇ ನೋಡಿದ. ಆಮೇಲೆ ಎರಡೂ ಕೈಯನ್ನು ನೆಲಕ್ಕೆ ಊರಿ ಬಗ್ಗಿದ.

"ಉಸಿರ ಇತ್ತೇನ್ರಿ?" ಎಂದ.

"ಇತ್ತು."

"ಹೆಣ ಇತ್ತಂತ ತಿಳದಿದ್ವಿ. ಯಾರೋ ಕೊಂದು ಒಗದಾರಂತ." ಅವನು ಅಳತೊಡಗಿದ. ಗಂಡಸರು ಅಳುವುದನ್ನು ನಾನು ಬಹಳ ನೋಡಿದ್ದೇನೆ, ಆದರೆ ಇಷ್ಟು ಸದ್ದಿಲ್ಲದೆ ಅತ್ತವರನ್ನು ನೋಡಿರಲಿಲ್ಲ. "ಇದನ್ನ ಕೋರ್ಟಿನ್ಯಾಗ ಹೇಳತೀರೇನು?"

"ಹೇಳಬೇಕಾಕ್ಕೈತಿ."

"ಬ್ಯಾಡ್ರಿ. ನಿಮ್ಮ ಕಾಲಿಗಿ ಬೀಳತೇನಿ. ಇದು ಆಕಿ ಕಿವಿಗಿ ಬೀಳಬಾರದು."

ತಿಳಿದಿದ್ವಿ ಎಂದಿದ್ದ, ತಿಳಿದಿದ್ದೆ ಎನ್ನಲಿಲ್ಲ. ಈಗ ಆಕಿ ಎಂದ. ನಾನು ಎದ್ದು ಹೊರಗೆ ಬಂದೆ.

ಬಾಗಿಲ ಹೊರಗೆ ದ್ರೌಪದಕ್ಕ ನಿಂತಿದ್ದಳು. ಅವಳಿಗೆ ಮೊದಲೇ ಅನುಮಾನವಿತ್ತು ಎಂದು ಆಗ ಅವಳ ಮುಖ ನೋಡಿ ಗೊತ್ತಾಯಿತು.

"ಮುದುಕನ ಹೇಂತಿ ಹೊಳೆವ್ವ ನಿನ್ನಿ ಸಂಜಿಯಿಂದ ಗೇಟಿನ ಹೊರಗ ಕುಂತಿದ್ಳ್ರಿ," ಎಂದಳು. "ಒಳಗ ಬಾ ಅಂದ್ರ ಬರವಲ್ಲಳು. ಹೋಗು ಅಂದ್ರ ಹೋಗವಲ್ಲಳು. ಈಗ ಕೋರ್ಟಿಗಿ ಹೋಗ್ಯಾಳ, ನಡಕೋತ."

ತಾಲೂಕು ಕೋರ್ಟಿನ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕಾಡಸಿದ್ದನ ಹೆಂಡತಿ ಹೊಳೆವ್ವ ಕೂತಿದ್ದಳು. ಐವತ್ತು ದಾಟಿದ ಗಟ್ಟಿ ಹೆಂಗಸು, ಹಣೆಯ ತುಂಬ ಭಂಡಾರ. ನಾನು ಹತ್ತಿರ ಹೋದಾಗ ಸೆರಗು ಎಳೆದುಕೊಂಡಳು. ಆ ಎಳೆದ ಸೆರಗಿನ ಮೇಲೇ ನನ್ನ ಕಣ್ಣು ನಿಂತಿತು.

ಹಸಿರು ಸೀರೆಯ ಆ ಸೆರಗಿನ ತುಂಬ ಸಣ್ಣ ಸಣ್ಣ ತೂತು, ಒಂದೊಂದರ ಸುತ್ತಲೂ ಕರಿ ಉಂಗುರ. ಹುಲ್ಲಿನ ಬೆಂಕಿ ನೆಲದ ಮೇಲೇ ಹರಿಯುತ್ತದೆ, ಸೀರೆಗೆ ಹಿಡಿದರೆ ಕೆಳಗಿನ ಅಂಚನ್ನೇ ಹಿಡಿಯುತ್ತದೆ. ರವದಿ ಹಾಗಲ್ಲ. ಅದು ಹೊತ್ತಿಕೊಂಡರೆ ಗರಿ ಚೂರುಗಳು ಕೆಂಡವಾಗಿ ಮೇಲೇರಿ ಮೈಮೇಲೆ ಉದುರುತ್ತವೆ. ನಮ್ಮವ್ವನ ಒಂದು ಸೀರೆಯೂ ತೂತಿಲ್ಲದೆ ಇರಲಿಲ್ಲ. ಬೇರೆ ಊರಿನ ಪೊಲೀಸನಾಗಿದ್ದರೆ ನನಗೆ ಅದು ಹಳೇ ಸೀರೆಯಾಗಿ ಕಾಣುತ್ತಿತ್ತು. ಹಾಗೆ ಕಂಡಿದ್ದರೆ ಚೆನ್ನಾಗಿರುತ್ತಿತ್ತು ಎಂದು ಅನಿಸಿದ್ದು ನಿಜ.

"ಯವ್ವಾ, ಬಣವಿಗಿ ಬೆಂಕಿ ಯಾರು ಹಚ್ಚಿದ್ರು?" ಎಂದು ಮೆಲ್ಲಗೆ ಕೇಳಿದೆ.

ಅವಳು ಸುಳ್ಳು ಹೇಳಲಿಲ್ಲ. ಹೇಳಲು ಯಾರಾದರೂ ಕೇಳಲಿ ಎಂದೇ ನಿನ್ನೆಯಿಂದ ಕಾದಿದ್ದಳು ಎನಿಸಿತು.

"ನಾ ಹಚ್ಚೇನ್ರಿ. ನಿನ್ನಿ ಮುಂಜಾನೆ ಹೊತ್ತ ಹೊಂಡೂಮುಂದ ಖಾಕಿ ಅಂಗಿಯಾಂವ ನಮ್ಮ ಕುರಿ ದಡ್ಡಿಗಿ ಬಂದಿದ್ದ. ಇವತ್ತ ಬೆಂಕಿ ದಿನ, ಆ ರವದಿ ಬಣವೀನೂ ಸುಟ್ಟು ಬಿಡಬೇಕಂತ ಮ್ಯಾಲಿಂದ ಹುಕುಂ ಆಗೈತಿ, ಇಲ್ಲಾಂದ್ರ ಮುಂದ ಮಡ್ಡಿಗಿ ಕುರಿ ಬಿಡಂಗಿಲ್ಲ ಅಂದ. ಇವರು ಅತ್ತಾಗ ಒಂದನೇ ಪಟ್ಟಿ ಕಡೆ ಹೋಗಿದ್ರು. ನಾನ ಹೋದೆ."

"ಮ್ಯಾಲಿಂದ ಅಂದ್ರ ಯಾರಿಂದ? ಅಂವನ ಹೆಸರೇನು?"

"ಹೆಸರ ಗೊತ್ತಿಲ್ರಿ. ಮುಖ ಕಂಡ್ರ ಗುರತ ಹಿಡಿತೇನಿ." ಅವಳು ಹಣೆಯ ಭಂಡಾರ ಮುಟ್ಟಿಕೊಂಡಳು. "ಮೂರು ಸುತ್ತ ಕೂಗಿ ತಿರಗಿದೆ. ಎದ್ದ್ ಹೋಗ್ರೋ, ಎದ್ದ್ ಹೋಗ್ರೋ ಅಂತ. ಒಂದ್ ಓತಿಕ್ಯಾತ ಹೊರಗ ಬಂತು. ಮತ್ತೇನೂ ಬರಲಿಲ್ಲ. ಅದಕ್ಕ ಹಚ್ಚಿದೆ. ಬಣವಿ ಗಾಳಿಗಿ ಹೊಳ್ಳಿ ಬಿದ್ದ ಮ್ಯಾಲ ಕಾಲು ಕಾಣ್ತು. ಒಳಗ ಹೆಣ ಇಟ್ಟಿದ್ರು ಯಾರೋ."

ಹೆಣ ಎಂದಳು. ಗಂಡ ಆ ನಂಬಿಕೆಯನ್ನೇ ಉಳಿಸಲು ಹೊರಟಿದ್ದ. ಹೆಂಡತಿಯನ್ನು ಜೈಲಿನಿಂದ ಉಳಿಸುವುದು ಅವನ ಹಟದಲ್ಲಿ ಅರ್ಧ. ತನ್ನ ಕೈಯಿಂದ ಬಿದ್ದ ಬೆಂಕಿಯಲ್ಲಿ ಬದುಕಿದ್ದ ಮನುಷ್ಯ ಸುಟ್ಟ ಎಂದು ಅವಳಿಗೆ ತಿಳಿಯಬಾರದು ಎನ್ನುವುದು ಈಗ ಉಳಿದರ್ಧ. ನನ್ನ ಜೇಬಿನ ಎರಡು ಹಾಳೆಯಲ್ಲಿ ಅದನ್ನೇ ಅಂದವಾಗಿ ಬರೆದಿದ್ದೆ, ಐದನೇ ಸಾಲಿನಲ್ಲಿ.

ಗೊತ್ತಿಲ್ಲದೆ ಮಾಡಿದ್ದಕ್ಕೆ ಕಾನೂನಿನಲ್ಲಿ ದಾರಿಯಿದೆ. ಆದರೆ ಆ ದಾರಿ ಜೈಲಿನೊಳಗಿಂದಲೇ ಹಾದು ಹೋಗುತ್ತದೆ, ಬಡವರಿಗಂತೂ ಬಹಳ ವರ್ಷ ಹಿಡಿಯುತ್ತದೆ. ಹಾಳೆ ಕೊಟ್ಟರೆ ಗಂಡ ಉಳಿಯುತ್ತಾನೆ, ಹೆಂಡತಿ ಹೋಗುತ್ತಾಳೆ. ಕೊಡದಿದ್ದರೆ ನಿರಪರಾಧಿ ಗಲ್ಲಿನ ಕಡೆ ಹೋಗುತ್ತಾನೆ, ಕೊಂದವನು ಇಂದು ರಾತ್ರಿ ನೆಮ್ಮದಿಯಾಗಿ ಉಣ್ಣುತ್ತಾನೆ.

"ಅಕ್ಕಾ," ಎಂದೆ ದ್ರೌಪದಕ್ಕನ ಕಡೆ ತಿರುಗಿ.

"ನನ್ನ ಕೇಳಬ್ಯಾಡ್ರಿ," ಎಂದಳು. "ಹುಲ್ಲಿಂದು ಕೇಳ್ರಿ, ಹೇಳತೇನಿ."

ಒಳಗಿನಿಂದ ಕೂಗು ಬಂತು. ಕಾಡಸಿದ್ದನ ಹೆಸರು, ಅವನ ತಂದೆಯ ಹೆಸರು, ಊರು.

ಮ್ಯಾಜಿಸ್ಟ್ರೇಟರು ನಡುವಯಸ್ಸಿನ ಹೆಂಗಸು, ಬೆಳಿಗ್ಗೆಯಿಂದ ಕೂತು ದಣಿದಿದ್ದರು. ಕಾಡಸಿದ್ದ ಕಟಕಟೆ ಹತ್ತಿ ಕೈ ಮುಗಿದ. ಹೊಳೆವ್ವ ದ್ರೌಪದಕ್ಕನ ಜೊತೆ ಹಿಂದಿನ ಬೆಂಚಿನಲ್ಲಿ ಕೂತಳು. ಮುದುಕ ಒಮ್ಮೆ ಅವಳ ಕಡೆ ನೋಡಿದ, ಆಮೇಲೆ ನನ್ನ ಕಡೆ ನೋಡಿದ. ಅವನು ಏನು ಬೇಡುತ್ತಿದ್ದ ಎನ್ನುವುದಕ್ಕೆ ಮಾತು ಬೇಕಿರಲಿಲ್ಲ.

"ನೀವು ಏನೋ ಹೇಳಬೇಕು ಅಂದಿದ್ದೀರಿ," ಎಂದರು ಮ್ಯಾಜಿಸ್ಟ್ರೇಟರು ಅವನಿಗೆ. "ಅದಕ್ಕೆ ಮೊದಲು ತನಿಖಾಧಿಕಾರಿ. ತನಿಖೆಯಲ್ಲಿ ಹೊಸದೇನಾದರೂ ಇದೆಯೇ?"

ನಾನು ಎದ್ದು ನಿಂತೆ. ಕೈ ಜೇಬಿನಲ್ಲಿತ್ತು, ಹಾಳೆಗಳು ಬೆರಳಿಗೆ ಸಿಕ್ಕಿದ್ದವು. ಇಂಥ ಹೊತ್ತಿನಲ್ಲಿ ಮನುಷ್ಯ ಏನು ಮಾಡಬೇಕು ಎಂದು ನಮಗೆ ಟ್ರೇನಿಂಗಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

"ಇದೆ, ಮೇಡಂ—" ಎಂದೆ.

ಹಿಂದಿನ ಬೆಂಚಿನಲ್ಲಿ ಹೊಳೆವ್ವ ಎದ್ದಳು.

"ಬೆಂಕಿ ನಂದ್ರಿ," ಎಂದಳು. ದೊಡ್ಡ ದನಿಯೇನಲ್ಲ, ಆದರೆ ಫ್ಯಾನಿನ ಸದ್ದಿನ ಮೇಲೂ ಎಲ್ಲರಿಗೂ ಕೇಳಿತು. "ಇವರದಲ್ಲ. ನನ್ನ ಕೈಯಿಂದ ಬಿದ್ದೈತಿ."

ಕಾಡಸಿದ್ದ ಕಟಕಟೆಯ ಕಟ್ಟಿಗೆಗೆ ಹಣೆ ಊರಿದ. ಗುಮಾಸ್ತ ಸುಮ್ಮನಿರಲು ಹೇಳಿದ. ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟು, "ಯಾರು ನೀವು?" ಎಂದರು.

ಹೊಳೆವ್ವ ನ್ಯಾಯಪೀಠದ ಕಡೆ ನೋಡುತ್ತಿರಲಿಲ್ಲ, ಗಂಡನ ಕಡೆಯೂ ನೋಡುತ್ತಿರಲಿಲ್ಲ. ಹೊರಳಿ ಬಾಗಿಲ ಕಡೆ ಕೈ ಚಾಚಿದ್ದಳು.

"ಹಚ್ಚು ಅಂತ ಹೇಳಿದಾಂವ ಅಲ್ಲೇ ನಿಂತಾನ್ರಿ," ಎಂದಳು.

ಬಾಗಿಲಲ್ಲಿ ಐದು ಜನ ಖಾಕಿಯವರು ಒತ್ತಾಗಿ ನಿಂತಿದ್ದರು. ಮೂವರು ಅರಣ್ಯದವರು. ಇಬ್ಬರು ನನ್ನವರು.